ಸತ್ತ ದನ ನಮ್ಮ ಪಾಲಿಗೆ, ಬದುಕಿದ ದನ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಂಧುಗಳೇ, ಎಸ್ಸೆಸ್ಸೆಲ್ಸಿ ಪಾಸಾದ ನಮ್ಮ ಮಕ್ಕಳಿಗೆ ಒಂದು ದಾರಿ ಉಂಟು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ.

"ಪುನಃ ದನದ ಕೆಲಸವಾ?" ಅಂತ ಕೇಳ್ತೀರಿ. ಕೇಳಬೇಕಾದ್ದೇ. ಸತ್ತ ದನ ಎಳೆಯುವ ಕೆಲಸವನ್ನು ನಮ್ಮ ತಲೆಗೆ ಕಟ್ಟಿದ್ದು ಜಾತಿ. ಸತ್ತ ದನದ ಮಾಂಸ ಬಿಡಿ ಅಂತ ಬಾಬಾಸಾಹೇಬರು 1927ರಲ್ಲೇ ಮಹಾಡ್‌ನಲ್ಲಿ ಹೇಳಿದ್ರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದದ್ದಕ್ಕೇ ನಮ್ಮವರಿಗೆ ಹೊಡೆದ್ರು.

ಆದರೆ ಇದು ಬಿಟ್ಟಿ ಚಾಕರಿ ಅಲ್ಲ. ಓದು, ಸರ್ಟಿಫಿಕೇಟು, ಸಂಬಳ. ಹೆಣ ಹೊರಲು ಕರೆದವರು ಹಟ್ಟಿಯೊಳಗೆ ನಮ್ಮನ್ನು ಬಿಟ್ಟಿರಲಿಲ್ಲ. ಅದೇ ಹಟ್ಟಿಗೆ ನಮ್ಮ ಹುಡುಗಿ ಲಸಿಕೆ ಪೆಟ್ಟಿಗೆ ಹಿಡಿದು ಹೋಗಲಿ. "ಬನ್ನಿ ಮೇಡಂ" ಅಂತ ಅವರೇ ಕರೆಯಲಿ.

ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಜೈ ಭೀಮ್.