ಐದು ಲಕ್ಷ ಬೇಡವೆಂದ ಖೋ ಖೋ ಆಟಗಾರರು

ದೆಹಲಿಯಲ್ಲಿ 2025ರ ಜನವರಿ 19ರಂದು ಭಾರತದ ಮಹಿಳೆಯರು 78–40ರಿಂದ, ಪುರುಷರು 54–36ರಿಂದ ನೇಪಾಳವನ್ನು ಸೋಲಿಸಿ ಮೊದಲ ಖೋ ಖೋ ವಿಶ್ವಕಪ್ ಗೆದ್ದರು. ಎರಡೂ ತಂಡಗಳಲ್ಲಿ ನಮ್ಮವರಿದ್ದರು: ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್. ರಾಜ್ಯ ಸರ್ಕಾರ ತಲಾ ₹5 ಲಕ್ಷ ಘೋಷಿಸಿತು. ಇಬ್ಬರೂ ಬೇಡವೆಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ₹2.25 ಕೋಟಿ ಮತ್ತು ಸರ್ಕಾರಿ ನೌಕರಿ ಘೋಷಿಸಿದ್ದನ್ನು ನೆನಪಿಸಿದರು.

ಆ ಸುದ್ದಿಯಲ್ಲಿ ಎಲ್ಲರ ಕಣ್ಣು ಹೋದದ್ದು ಕೋಟಿಯ ಮೇಲೆ. ನನಗೆ ನಾಟಿದ್ದು ನೌಕರಿ ಎಂಬ ಮಾತು. ಕ್ರಿಕೆಟ್ ಆಡುವವರಿಗೆ ಇರುವ ಗಳಿಕೆಯ ದಾರಿ ಖೋ ಖೋ ಆಡುವ ಹುಡುಗಿಗೆ ಇಲ್ಲ. ಹತ್ತನೇ ತರಗತಿ ಮುಗಿದ ಕೂಡಲೇ ಮನೆಯಲ್ಲಿ ‘ಸಾಕು ಬಿಡವ್ವ ಆಟ’ ಎನ್ನುತ್ತಾರೆ. ಹಾಗೆನ್ನುವ ತಂದೆತಾಯಿಯನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಅವರ ಲೆಕ್ಕ ಅನ್ನದ್ದು.

ಖೋ ಖೋ ನಮ್ಮ ಶಾಲೆಗಳದೇ ಆಟ. ಎರಡು ಕಂಬ, ಸುಣ್ಣದ ಗೆರೆ, ಒಂದು ಸೀಟಿ ಇದ್ದರೆ ಬಯಲೇ ಅಂಕಣವಾಗುತ್ತದೆ. ಅದು ಕಲಿಸುವುದೂ ಕಡಿಮೆಯಲ್ಲ. ಕೂತವಳು ‘ಖೋ’ ಸಿಗುವ ತನಕ ಏಳುವಂತಿಲ್ಲ. ಆದರೆ ಆ ಕ್ಷಣ ಯಾವಾಗ ಬಂದರೂ ಚಿಮ್ಮಲು ಸಿದ್ಧಳಿರಬೇಕು. ಅಟ್ಟಿಸಿಕೊಂಡು ಹೋಗುವವಳು ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಓಡುವವಳಿಗೆ ಮಾತ್ರ ಎಲ್ಲ ಕಡೆಯೂ ದಾರಿ. ಅಂದಮೇಲೆ ಒಬ್ಬಳ ವೇಗ ಎಷ್ಟಿದ್ದರೂ ಸಾಲದು. ಯಾರಿಗೆ, ಯಾವ ಗಳಿಗೆಯಲ್ಲಿ ಖೋ ಕೊಟ್ಟು ತಾನು ಕೂರಬೇಕು ಎಂಬ ಅಂದಾಜು ಬೇಕು. ಹನ್ನೆರಡು ವರ್ಷದ ಮಗು ಇದನ್ನು ಮೈಯಲ್ಲೇ ಕಲಿಯುತ್ತದೆ. ಇದನ್ನು ಕಲಿಕೆ ಎಂದು ಕರೆಯಲು ನಮಗೇಕೆ ಇಷ್ಟು ಹಿಂಜರಿಕೆ?

ನಾನು ಓದಿದ ಶಾಲೆಯಲ್ಲಿ ಫೆಬ್ರವರಿ ಬಂತೆಂದರೆ ಪಿ.ಟಿ. ಪೀರಿಯಡ್ ಗಣಿತಕ್ಕೆ ಹೋಗುತ್ತಿತ್ತು. ಈಗಲೂ ಎಷ್ಟೋ ಕಡೆ ಅದೇ ಕಥೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಒಂದಂಕವೂ ಇಲ್ಲದಿರುವಾಗ ಮುಖ್ಯ ಶಿಕ್ಷಕರು ಬೇರೇನು ಮಾಡಿಯಾರು? ಫಲಿತಾಂಶ ಕುಸಿದರೆ ವಿವರಣೆ ಕೊಡಬೇಕಾದವರು ಅವರೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ. ಹಿರಿಯ ಪ್ರಾಥಮಿಕ ಹಂತದಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಬೇಕೆನ್ನುತ್ತದೆ. ಕಾನೂನು ಬರೆದವರಿಗೆ ಆಟ ಓದಿನ ಭಾಗವೆಂದು ಗೊತ್ತಿತ್ತು. ವೇಳಾಪಟ್ಟಿ ಬರೆಯುವ ನಾವು ಅದನ್ನು ಮರೆತಿದ್ದೇವೆ.

ಆದ್ದರಿಂದ ಬಹುಮಾನದ ಚೌಕಾಸಿಯಷ್ಟಕ್ಕೇ ಈ ಚರ್ಚೆ ಮುಗಿಯಬಾರದು. ಗೆದ್ದು ಬಂದ ಮೇಲೆ ಹಾರ ಹಾಕಿ ಕೊಡುವ ಮೊತ್ತ, ದೊಡ್ಡದಾದರೂ, ಒಬ್ಬಿಬ್ಬರಿಗೆ ಒಂದು ಸಲ ಸಿಗುವಂಥದ್ದು. ವಿಶ್ವಕಪ್ ನಡೆದದ್ದು ಮ್ಯಾಟ್ ಮೇಲೆ. ಹಳ್ಳಿಯ ಮಕ್ಕಳು ಆಡುವುದು ಮಣ್ಣಿನಲ್ಲಿ, ಬರಿಗಾಲಿನಲ್ಲಿ. ತಾಲ್ಲೂಕಿಗೊಂದು ಮ್ಯಾಟ್ ಅಂಕಣ, ಖಾಲಿ ಇರುವಲ್ಲಿ ದೈಹಿಕ ಶಿಕ್ಷಕರ ನೇಮಕ, ದೇಶಕ್ಕೆ ಆಡಿದವರಿಗೆ ಅರ್ಜಿ ಹಿಡಿದು ಅಲೆಸದೆ ನೌಕರಿ: ನಾನು ಕೇಳುವುದು ಇಷ್ಟು. ಚೈತ್ರಾ ಅವರಂಥವರನ್ನೇ ಶಾಲೆಗಳಿಗೆ ತರಬೇತುದಾರರನ್ನಾಗಿ ಕಳಿಸಿದರೆ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ತನ್ನ ಅಪ್ಪನಿಗೆ ತೋರಿಸಲು ಕಣ್ಣೆದುರಿಗೇ ಒಬ್ಬರು ಇರುತ್ತಾರೆ.