ಬ್ಲೂಮ್ ರಸ್ತೆ ದಾಟಿಸಿದ ರೀತಿ

ಜೂನ್ 16 ಬಂತೆಂದರೆ ಡಬ್ಲಿನ್ನಿನಲ್ಲಿ ಒಂದು ಕಾದಂಬರಿಯ ಹಬ್ಬ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ನಡೆಯುವುದು 1904ರ ಆ ಒಂದೇ ದಿನ. 1922ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಆ ಪುಸ್ತಕದ ಸುತ್ತ ಅಂದಿನಿಂದ ವ್ಯಾಖ್ಯಾನಗಳ ಕೋಟೆಯೇ ಎದ್ದಿದೆ. ವಿದ್ವಾಂಸರ ಪುಸ್ತಕವೆಂದು ಅನೇಕರು ಅದರ ಗೋಜಿಗೇ ಹೋಗಿಲ್ಲ. ನಷ್ಟ ನಮ್ಮದೇ. ಅದರ ನಾಯಕ ಲಿಯೋಪೋಲ್ಡ್ ಬ್ಲೂಮ್, ಪತ್ರಿಕೆಗೆ ಜಾಹೀರಾತು ಹಿಡಿದುಕೊಂಡು ಬರುವ ಸಾಮಾನ್ಯ ಮನುಷ್ಯ. ಬದುಕುವ ಬಗೆಯನ್ನು ಅವನಿಂದ ಕಲಿಯಬಹುದು.

ಎಂಟನೆಯ ಅಧ್ಯಾಯವನ್ನೇ ನೋಡಿ. ಕಣ್ಣಿಲ್ಲದ ಯುವಕನೊಬ್ಬ ಕೋಲಿನಿಂದ ಫುಟ್‌ಪಾತಿನ ಅಂಚು ತಟ್ಟುತ್ತ ನಿಂತಿದ್ದಾನೆ. ದಾಟಬೇಕೇ ಎಂದು ಬ್ಲೂಮ್ ಮೊದಲು ಕೇಳುತ್ತಾನೆ. ಅಲ್ಲೊಂದು ಗಾಡಿ ನಿಂತಿದೆ ಎಂದು ತಿಳಿಸುತ್ತಾನೆ. ಮೊಣಕೈಯನ್ನು ಮೆಲ್ಲಗೆ ಮುಟ್ಟಿ, ಆಮೇಲೆ ಕೈ ಹಿಡಿಯುತ್ತಾನೆ. ಏನಾದರೂ ಮಾತಾಡಬೇಕು, ಆದರೆ ದೊಡ್ಡಸ್ತಿಕೆಯ ಕನಿಕರ ಬೇಡ ಎಂದುಕೊಂಡು, ಸದ್ಯ ಮಳೆ ಬರಲಿಲ್ಲ ಎನ್ನುತ್ತಾನೆ. ಉತ್ತರವಿಲ್ಲ. ಅವನಿಗೆ ಬೇಸರವೂ ಇಲ್ಲ. ಯುವಕ ಹೋದ ಮೇಲೂ ಯೋಚನೆ ಬಿಡದು: ಕಣ್ಣಿಲ್ಲದೆ ಬೆರಳಿಗೆ ಏನೇನು ತಿಳಿಯಬಹುದು? ನಡೆಯುತ್ತಲೇ ತನ್ನ ಕೂದಲನ್ನು, ಕೆನ್ನೆಯನ್ನು ಬೆರಳಿಂದ ಸವರಿ ನೋಡಿಕೊಳ್ಳುತ್ತಾನೆ. ಕೈ ಹಿಡಿದು ದಾಟಿಸುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಹೀಗೆ ಇನ್ನೊಬ್ಬನ ಮೈಯೊಳಗೆ ನಿಂತು ನೋಡುವವರು ಅಪರೂಪ.

ಅದೂ ಎಂಥ ದಿನ! ಸಂಜೆ 4ಕ್ಕೆ ಹೆಂಡತಿ ಮಾಲಿಯ ಪ್ರಿಯಕರ ಮನೆಗೆ ಬರುತ್ತಾನೆಂಬುದು ಅವನಿಗೆ ಗೊತ್ತು. 11 ದಿನ ಬದುಕಿ ತೀರಿಕೊಂಡ ಮಗ ರೂಡಿಯ ನೆನಪು ಮಾಸಿಲ್ಲ. ಬೆಳಿಗ್ಗೆ ಪರಿಚಯದವರೊಬ್ಬರ ಮಣ್ಣು ಮುಗಿಸಿ ಬಂದಿದ್ದಾನೆ. ಸತ್ತವನ ಹೆಂಡತಿಯ ವಿಮೆ ಹಣದ ಸಲುವಾಗಿ ಹೋದ ಪಬ್‌ನಲ್ಲೇ ಯಹೂದಿಯೆಂದು ಹೀಯಾಳಿಸಿಕೊಳ್ಳುತ್ತಾನೆ. ಹೊರಡುವಾಗ ಬಿಸ್ಕತ್ತಿನ ಡಬ್ಬ ಬೆನ್ನ ಹಿಂದೆ ಹಾರಿಬರುತ್ತದೆ. ಇಷ್ಟಾದರೂ ರಾತ್ರಿ ಆಸ್ಪತ್ರೆಗೆ ಹೋಗಿ, ಮೂರು ದಿನದಿಂದ ಹೆರಿಗೆ ನೋವು ತಿನ್ನುತ್ತಿರುವ ಹೆಂಗಸಿನ ಯೋಗಕ್ಷೇಮ ವಿಚಾರಿಸುತ್ತಾನೆ. ಕುಡಿದು ಪೆಟ್ಟು ತಿಂದ ಸ್ಟೀಫನ್ ಎಂಬ ಯುವಕನನ್ನು ಮನೆಗೆ ಕರೆತಂದು ಕೋಕೋ ಮಾಡಿಕೊಡುತ್ತಾನೆ. ಅವನೇನು ಸಂತನಲ್ಲ, ಅವನಿಗೂ ಗುಟ್ಟಿನ ಪ್ರೇಮಪತ್ರಗಳಿವೆ. ಸಂತನಲ್ಲದವನಿಂದಲೂ ಇಷ್ಟು ಸಾಧ್ಯ ಎಂಬುದಕ್ಕಾಗಿಯೇ ನಾನು ಈ ಕಾದಂಬರಿಯನ್ನು ಮತ್ತೆ ಮತ್ತೆ ತೆರೆಯುವುದು.

ಒಟ್ಟು 18 ಅಧ್ಯಾಯಗಳಲ್ಲಿ ಮೊದಲ ಮೂರು ತೊಡಕೆನಿಸಿದರೆ ನಾಲ್ಕನೆಯದರಿಂದ ಶುರು ಮಾಡಿ. ಬ್ಲೂಮ್ ಬರುವುದೇ ಅಲ್ಲಿ, ಬೆಕ್ಕಿಗೆ ಹಾಲು ಹಾಕುತ್ತ. ಎಲ್ಲವೂ ತಿಳಿಯಲೇಬೇಕೆಂಬ ಹಟ ಬೇಡ. ಓದಿ, ನಿಮಗೆ ಕಂಡದ್ದನ್ನು ನಮಗೆ ಬರೆದು ಕಳಿಸಿ.