ಶಿಕ್ಷೆ ಕಠಿಣವಾಯಿತು, ಖಾತ್ರಿಯಾಗಲಿಲ್ಲ

ಅತ್ಯಾಚಾರದ ಘೋರ ಪ್ರಕರಣವೊಂದು ದೇಶವನ್ನು ತಲ್ಲಣಗೊಳಿಸಿದಾಗಲೆಲ್ಲ ಬೀದಿಯಿಂದ ಶಾಸನಸಭೆಯವರೆಗೆ ಕೇಳಿಬರುವ ಬೇಡಿಕೆ ಒಂದೇ: ಗಲ್ಲಿಗೇರಿಸಿ. ಆ ಆಕ್ರೋಶ ಸಹಜವಾದುದೇ. ಆದರೆ ಅದಕ್ಕೆ ಮಣಿದು ರೂಪುಗೊಂಡ ಕಾನೂನುಗಳು ಅಪರಾಧವನ್ನು ತಡೆದಿವೆಯೇ ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿದುಬಿಡುತ್ತದೆ.

2012ರ ಡಿಸೆಂಬರ್‌ನ ದೆಹಲಿ ಪ್ರಕರಣದ ನಂತರ, 2013ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷಗಳ ಸೆರೆವಾಸ ನಿಗದಿಯಾಯಿತು. ಕಠುವಾ ಪ್ರಕರಣದ ಬೆನ್ನಲ್ಲೇ, 2018ರಲ್ಲಿ ಅತ್ಯಾಚಾರದ ಕನಿಷ್ಠ ಶಿಕ್ಷೆ 7ರಿಂದ 10 ವರ್ಷಗಳಿಗೆ ಏರಿತು. 12 ವರ್ಷದೊಳಗಿನ ಬಾಲಕಿಯರ ಮೇಲಿನ ಅತ್ಯಾಚಾರಕ್ಕೆ ಮರಣದಂಡನೆಯೂ ಸೇರ್ಪಡೆಯಾಯಿತು. 2019ರಲ್ಲಿ ಆಂಧ್ರಪ್ರದೇಶ ‘ದಿಶಾ’ ಮಸೂದೆಯನ್ನೂ, 2024ರಲ್ಲಿ ಪಶ್ಚಿಮ ಬಂಗಾಳ ‘ಅಪರಾಜಿತಾ’ ಮಸೂದೆಯನ್ನೂ ಅಂಗೀಕರಿಸಿದವು. ಎರಡರಲ್ಲೂ ಮುಂದಿದ್ದುದು ಗಲ್ಲೇ. ದೆಹಲಿ ಪ್ರಕರಣದ ನಾಲ್ವರು ಅಪರಾಧಿಗಳನ್ನು 2020ರ ಮಾರ್ಚ್ 20ರಂದು ನೇಣಿಗೇರಿಸಿದ್ದೂ ಆಯಿತು.

ಇನ್ನು ಅಂಕಿಅಂಶಗಳತ್ತ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2012ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 24,923, 2022ರಲ್ಲಿ 31,516. ಈ ಏರಿಕೆಯನ್ನೇ ಕಾನೂನಿನ ಸೋಲೆಂದು ಬಗೆಯುವುದು ತಪ್ಪಾದೀತು. ಅತ್ಯಾಚಾರದ ವ್ಯಾಖ್ಯೆ ವಿಸ್ತಾರಗೊಂಡಿದೆ, ದೂರು ನೀಡಲು ಮುಂದೆ ಬರುವ ಮಹಿಳೆಯರೂ ಹೆಚ್ಚಿದ್ದಾರೆ. ಗಮನಿಸಬೇಕಾದ ಅಂಕಿ ಬೇರೆಯೇ ಇದೆ. 2022ರಲ್ಲಿ ತೀರ್ಪು ಬಂದ ಪ್ರಕರಣಗಳಲ್ಲಿ ಶಿಕ್ಷೆಯಾದ ಪ್ರಮಾಣ ಶೇ 27–28ರ ಆಸುಪಾಸಿನಲ್ಲೇ ಇತ್ತು. ಅಂದರೆ ನಾಲ್ಕರಲ್ಲಿ ಸುಮಾರು ಮೂರು ಪ್ರಕರಣಗಳಲ್ಲಿ ಆರೋಪಿ ಬಿಡುಗಡೆ ಹೊಂದುತ್ತಾನೆ. ಹೀಗಿರುವಾಗ ಕಾನೂನು ಪುಸ್ತಕದಲ್ಲಿ 7 ವರ್ಷವಿದ್ದರೇನು, ಗಲ್ಲಿದ್ದರೇನು?

ಶಿಕ್ಷೆಯ ಉಗ್ರತೆಗಿಂತ ಸಿಕ್ಕಿಬೀಳುವ ಖಾತ್ರಿಯೇ ಅಪರಾಧಿಯನ್ನು ಹಿಂಜರಿಯುವಂತೆ ಮಾಡುತ್ತದೆ ಎಂಬುದು ಅಪರಾಧಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ಸಲ್ಲಿಸಿದ ವರದಿ ಅತ್ಯಾಚಾರಕ್ಕೆ ಮರಣದಂಡನೆಯನ್ನು ಶಿಫಾರಸು ಮಾಡಿರಲಿಲ್ಲ. ಪೊಲೀಸ್ ಸುಧಾರಣೆಗೆ ಒತ್ತು ನೀಡಿತ್ತು. ಸರ್ಕಾರಗಳು ಅಗ್ಗದ ದಾರಿಯನ್ನೇ ಹಿಡಿದವು. ಶಿಕ್ಷೆಯ ವರ್ಷಗಳನ್ನು ಏರಿಸಲು ಒಂದು ತಿದ್ದುಪಡಿ ಸಾಕು. ತನಿಖಾಧಿಕಾರಿಗಳು, ವಿಧಿವಿಜ್ಞಾನ ಪ್ರಯೋಗಾಲಯಗಳು, ಸಾಕ್ಷಿಗಳಿಗೆ ರಕ್ಷಣೆ, ಇವಕ್ಕೆಲ್ಲ ಹಣ ಬೇಕು, ವರ್ಷಗಳ ತಾಳ್ಮೆಯೂ ಬೇಕು.

ಕಠಿಣ ಶಿಕ್ಷೆಯೇ ಖುಲಾಸೆಗೆ ದಾರಿಯಾಗುವ ಅಪಾಯವನ್ನೂ ತಳ್ಳಿಹಾಕುವಂತಿಲ್ಲ. ದೆಹಲಿಯ ವಿಚಾರಣಾ ನ್ಯಾಯಾಲಯಗಳ 1,600ಕ್ಕೂ ಹೆಚ್ಚು ತೀರ್ಪುಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಹಳೆಯ ಕಾನೂನಿನಡಿ ಶೇ 16ರಷ್ಟಿದ್ದ ಶಿಕ್ಷೆಯ ಪ್ರಮಾಣ 2013ರ ಕಾನೂನಿನಡಿ ಶೇ 6ಕ್ಕಿಂತ ಕೆಳಗಿಳಿದಿದ್ದು ಕಂಡುಬಂದಿದೆ. ಇದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ನೀಡಲು ನ್ಯಾಯಾಧೀಶರಿಗಿದ್ದ ವಿವೇಚನಾಧಿಕಾರವನ್ನು ಆ ತಿದ್ದುಪಡಿ ಕಿತ್ತುಕೊಂಡಿತ್ತು ಎಂಬುದು ಗಮನಾರ್ಹ. ಮೇಲಾಗಿ ಶೇ 90ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ: ನೆರೆಯವನು, ಬಂಧು, ಕೆಲವೊಮ್ಮೆ ತಂದೆ. ಚಿಕ್ಕಪ್ಪನೋ ಮಾವನೋ ನೇಣಿಗೇರುವನೆಂದು ಗೊತ್ತಿರುವ ಮನೆಯಲ್ಲಿ ಬಾಲಕಿಯ ಬಾಯಿ ಮುಚ್ಚಿಸುವ ಒತ್ತಡ ಇನ್ನಷ್ಟು ಹೆಚ್ಚುತ್ತದೆ.

ಶಿಕ್ಷೆಯಾದವರ ಪಾಡೇನು? ಗಲ್ಲು ಮತ್ತು ಜೀವನಪೂರ್ತಿ ಸೆರೆವಾಸದ ಕೆಲವರನ್ನು ಬಿಟ್ಟರೆ ಉಳಿದವರೆಲ್ಲ ಒಂದಲ್ಲ ಒಂದು ದಿನ ಹೊರಬರುವವರೇ. ಅವರು ಮತ್ತೆ ತಪ್ಪು ಮಾಡದಂತೆ ತಿದ್ದುವ ಕೆಲಸ ಜೈಲಿನೊಳಗೆ ನಡೆಯಬೇಕು. 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿ 100 ಮಂದಿಯ ಜಾಗದಲ್ಲಿ 131 ಮಂದಿ ಇದ್ದರು. ಒಟ್ಟು 5.73 ಲಕ್ಷ ಬಂದಿಗಳ ಪೈಕಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ಅವರನ್ನು ನ್ಯಾಯಾಲಯಕ್ಕೆ ಕರೆದೊಯ್ದು ಮರಳಿ ತರುವುದರಲ್ಲೇ ಹೈರಾಣಾಗುವ ವ್ಯವಸ್ಥೆಯಲ್ಲಿ, 10 ವರ್ಷ ಒಳಗಿರುವವನ ಮನಃಪರಿವರ್ತನೆಯ ಬಗ್ಗೆ ಯೋಚಿಸುವ ಪುರುಸೊತ್ತು ಯಾರಿಗೂ ಇರುವಂತಿಲ್ಲ.